ದೊಡ್ಡ ಗಡಿಗೆಗಿಂತ ಗಟ್ಟಿ ಗಡಿಗೆ ಲೇಸು

(ಬ್ಯಾಟರಿ ಗಾಡಿ ಕೊಳ್ಳುವ ರೈತ ಬಂಧುಗಳಿಗೆ ಕೆಲವು ಮಾತು)

ಎತ್ತು ಕೊಳ್ಳಲು ಜಾತ್ರೆಗೆ ಹೋದ ರೈತನು ಅದರ ಮೈಯ ಗಾತ್ರವೊಂದನ್ನೇ ನೋಡಿ ಹಗ್ಗಕ್ಕೆ ಕೈ ಹಾಕುವುದಿಲ್ಲ. ಬಾಯಿ ತೆರೆಯಿಸಿ ಹಲ್ಲು ಎಣಿಸುತ್ತಾನೆ, ಗೊರಸು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಯಿಸಿ ನೋಡುತ್ತಾನೆ, ಸುಳಿ ಬಲ್ಲ ಹಿರಿಯರನ್ನು ಕರೆದು ಕೇಳುತ್ತಾನೆ. ತನ್ನ ಹೊಲ ಎರೆಯೋ ಮಸಾರಿಯೋ, ತನಗೆ ಬೇಕಾದುದು ನೇಗಿಲಿನ ಎತ್ತೋ ಬಂಡಿಯ ಎತ್ತೋ ಎಂಬುದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಬೆಲೆಯ ಮಾತಿಗೆ ಇಳಿಯುತ್ತಾನೆ. ಆದರೆ ಅದೇ ರೈತನು ಬ್ಯಾಟರಿ ಗಾಡಿಯ ಅಂಗಡಿಯ ಮೆಟ್ಟಿಲು ಹತ್ತಿದಾಗ ಕೇಳುವ ಪ್ರಶ್ನೆ ಒಂದೇ: "ಒಮ್ಮೆ ಚಾರ್ಜ್ ಮಾಡಿದರೆ ಎಷ್ಟು ಕಿಲೋಮೀಟರ್ ಓಡುತ್ತದೆ?" ಅಂಗಡಿಕಾರನು ಒಂದು ದೊಡ್ಡ ಅಂಕಿ ಹೇಳುತ್ತಾನೆ. ವ್ಯವಹಾರ ಮುಗಿಯಿತು!

ನಮ್ಮ ಅಕ್ಕಲಕೋಟ, ಜತ್ತ, ದಕ್ಷಿಣ ಸೊಲ್ಲಾಪುರದ ಹಳ್ಳಿಗಳಲ್ಲಿ ಈಗ ಬ್ಯಾಟರಿ ಗಾಡಿ ಹೊಸದೇನಲ್ಲ. ಹಾಲು ಹಾಕಿ ಬರುವವರು, ಹೊಲಕ್ಕೆ ಬುತ್ತಿ ಒಯ್ಯುವವರು, ಶಾಲೆಗೆ ಹೋಗುವ ಮಕ್ಕಳು ಇದನ್ನು ಮೆಚ್ಚಿಕೊಂಡಿದ್ದಾರೆ. ಪೆಟ್ರೋಲಿನ ಖರ್ಚು ತಪ್ಪುತ್ತದೆ, ಸದ್ದು ಕಡಿಮೆ, ರಿಪೇರಿ ಕಡಿಮೆ. ಇದೆಲ್ಲವೂ ನಿಜ. ಆದರೆ ಈ ಗಾಡಿಯ ಬೆಲೆಯಲ್ಲಿ ಸುಮಾರು ಮೂರನೆಯ ಒಂದು ಪಾಲು, ಕೆಲವು ಸಲ ಅದಕ್ಕೂ ಹೆಚ್ಚು, ಬ್ಯಾಟರಿಯೊಂದಕ್ಕೇ ಹೋಗುತ್ತದೆ ಎಂಬುದನ್ನು ಬಹು ಜನ ಅರಿಯರು. ಚಕ್ರ ಸವೆದರೆ ಟೈರು ಹಾಕಿಸಬಹುದು. ಬ್ಯಾಟರಿ ಕೆಟ್ಟರೆ ಗಾಡಿಯನ್ನೇ ಅರ್ಧ ಹೊಸದಾಗಿ ಕೊಂಡಂತೆ.

ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ. ಹೆಚ್ಚು ಸಾಮರ್ಥ್ಯದ್ದು, ಹಗುರವಾದದ್ದು ಎಂಬ ಮಾತಿಗೆ ಮರುಳಾಗಿ ಲಿಥಿಯಂ ಪಾಲಿಮರ್ ಪ್ಯಾಕನ್ನೋ ಯಾರೋ ಕೂಡಿಸಿ ಕಟ್ಟಿದ ಅಗ್ಗದ ಪ್ಯಾಕನ್ನೋ ನಮ್ಮ ಬಿಸಿಲಿನ ನಾಡಿನ ರೈತನು ಕೊಳ್ಳಬಾರದು. ತನ್ನ ದಿನದ ಓಡಾಟಕ್ಕೆ ತಕ್ಕಷ್ಟೇ ಲೆಕ್ಕ ಹಾಕಿ, ಶಾಖಕ್ಕೆ ತಾಳುವ ಲಿಥಿಯಂ ಐರನ್ ಫಾಸ್ಫೇಟ್ ಜಾತಿಯ ಬ್ಯಾಟರಿಯನ್ನು ಬಿಲ್ಲು ಸಮೇತ ಕೊಳ್ಳಬೇಕು. ಇದಕ್ಕೆ ಕಾರಣಗಳನ್ನು ಒಂದೊಂದಾಗಿ ಹೇಳುತ್ತೇನೆ.

ಸಾಮರ್ಥ್ಯ ಎಂದರೇನು?

ಬ್ಯಾಟರಿಯ ಮೇಲೆ ಎರಡು ಅಂಕಿಗಳಿರುತ್ತವೆ. ಒಂದು ವೋಲ್ಟ್, ಇನ್ನೊಂದು ಆಂಪಿಯರ್-ಅವರ್, ಅಂದರೆ ಅಂಗಡಿಯವರು ಎ.ಎಚ್. ಎನ್ನುವುದು. ಮೇಲಿನ ಟಾಕಿಯಿಂದ ನೀರು ಬಿಡುವಾಗ ಟಾಕಿ ಎಷ್ಟು ಎತ್ತರದಲ್ಲಿದೆ ಎಂಬುದು ನೀರಿನ ಒತ್ತಡವನ್ನು ನಿಶ್ಚಯಿಸುವಂತೆ, ವೋಲ್ಟ್ ಎಂಬುದು ವಿದ್ಯುತ್ತಿನ ಒತ್ತಡವನ್ನು ಹೇಳುತ್ತದೆ. ಟಾಕಿಯಲ್ಲಿ ನೀರು ಎಷ್ಟಿದೆ ಎಂಬುದನ್ನು ಎ.ಎಚ್. ಹೇಳುತ್ತದೆ. ಇವೆರಡರಲ್ಲಿ ಒಂದನ್ನು ಮಾತ್ರ ತಿಳಿದರೆ ಉಪಯೋಗವಿಲ್ಲ. ಎರಡನ್ನೂ ಗುಣಿಸಿದರೆ ವ್ಯಾಟ್-ಅವರ್ ಎಂಬ ಅಂಕಿ ಬರುತ್ತದೆ. ಅಂಥ ಸಾವಿರ ವ್ಯಾಟ್-ಅವರ್ ಕೂಡಿದರೆ ಒಂದು ಯೂನಿಟ್. ನಮ್ಮ ಮನೆಯ ಲೈಟ್ ಬಿಲ್ಲಿನಲ್ಲಿ ಬರೆಯುವ ಯೂನಿಟ್ ಇದೇ.

ಲೆಕ್ಕ ಹಾಕಿ ನೋಡಿರಿ. ೪೮ ವೋಲ್ಟಿನ ೪೦ ಎ.ಎಚ್. ಬ್ಯಾಟರಿ ಎಂದರೆ ೧೯೨೦ ವ್ಯಾಟ್-ಅವರ್, ಅಂದರೆ ಎರಡು ಯೂನಿಟಿಗೆ ಸ್ವಲ್ಪ ಕಡಿಮೆ. ೭೨ ವೋಲ್ಟಿನ ೨೭ ಎ.ಎಚ್. ಬ್ಯಾಟರಿ ಎಂದರೆ ೧೯೪೪ ವ್ಯಾಟ್-ಅವರ್. ಎರಡೂ ಹೆಚ್ಚುಕಡಿಮೆ ಒಂದೇ. ಆದರೆ ಒಬ್ಬ ಅಂಗಡಿಕಾರನು "ನಮ್ಮದು ನಲವತ್ತು" ಎಂದು ಕೂಗುತ್ತಾನೆ, ಇನ್ನೊಬ್ಬನು "ನಮ್ಮದು ಎಪ್ಪತ್ತೆರಡು" ಎಂದು ಕೂಗುತ್ತಾನೆ. ಗಿರಾಕಿ ನಡುವೆ ನಿಂತು ಬೆರಗಾಗುತ್ತಾನೆ. ನೀವು ಕೇಳಬೇಕಾದುದು "ಎಷ್ಟು ಯೂನಿಟಿನ ಬ್ಯಾಟರಿ?" ಎಂದು. ಅದಕ್ಕೆ ನೇರವಾಗಿ ಉತ್ತರ ಹೇಳಲಾರದವನ ಹತ್ತಿರ ವ್ಯಾಪಾರ ಮಾಡಬೇಡಿರಿ.

ನಮಗೆ ಎಷ್ಟು ಬೇಕು?

ಬ್ಯಾಟರಿ ಗಾಡಿಯು ಒಂದು ಕಿಲೋಮೀಟರಿಗೆ ಸಾಮಾನ್ಯವಾಗಿ ೨೫ರಿಂದ ೪೦ ವ್ಯಾಟ್-ಅವರ್ ತಿನ್ನುತ್ತದೆ. ಒಬ್ಬನೇ ಕುಳಿತು ಸಪಾಟು ಡಾಂಬರು ರಸ್ತೆಯಲ್ಲಿ ನಿಧಾನವಾಗಿ ಹೋದರೆ ೨೫ ಸಾಕು. ಹಿಂದೆ ಒಬ್ಬರು, ಪಕ್ಕಕ್ಕೆ ಹಾಲಿನ ಕ್ಯಾನು, ಮುಂದೆ ಹಿಂಡಿಯ ಚೀಲ, ಕೆಳಗೆ ಎರೆಯ ಹಾದಿ, ಎದುರು ಗಾಳಿ ಎಂದರೆ ೪೦ ಆದರೂ ಆಶ್ಚರ್ಯವಿಲ್ಲ. ಕಂಪನಿಯವರು ಕಾಗದದ ಮೇಲೆ ಬರೆಯುವ ಕಿಲೋಮೀಟರು ಪ್ರಯೋಗಶಾಲೆಯಲ್ಲಿ ಗೊತ್ತುಪಡಿಸಿದ ಭಾರ, ಗೊತ್ತುಪಡಿಸಿದ ವೇಗದಲ್ಲಿ ಅಳೆದದ್ದು. ಅದು ಸುಳ್ಳಲ್ಲ, ಆದರೆ ನಮ್ಮ ಹಾದಿಯದ್ದಲ್ಲ.

ಹಾಲು ಹಾಕುವುದು, ಮಕ್ಕಳನ್ನು ಶಾಲೆಗೆ ಬಿಡುವುದು, ಹೊಲಕ್ಕೆ ಎರಡು ಸಲ ಹೋಗಿ ಬರುವುದು, ಸಂಜೆ ಪೇಟೆ ಇವೆಲ್ಲ ಕೂಡಿ ದಿನಕ್ಕೆ ೩೦ ಕಿಲೋಮೀಟರು ಎಂದು ಇಟ್ಟುಕೊಳ್ಳೋಣ. ಕಿಲೋಮೀಟರಿಗೆ ೩೫ ವ್ಯಾಟ್-ಅವರಿನಂತೆ ೧೦೫೦ ಆಯಿತು. ಇದರ ಮೇಲೆ ಎರಡು ಕಡಿತಗಳನ್ನು ಲೆಕ್ಕಕ್ಕೆ ಹಿಡಿಯಬೇಕು. ಮೊದಲನೆಯದು, ಬ್ಯಾಟರಿಯನ್ನು ದಿನವೂ ತಳ ಕಾಣುವಂತೆ ಬರಿದು ಮಾಡಬಾರದು. ಐದರಲ್ಲೊಂದು ಪಾಲು ಉಳಿಯಬೇಕು. ಎರಡನೆಯದು, ಬ್ಯಾಟರಿ ಹಳೆಯದಾಗುತ್ತ ಹೋದಂತೆ ಅದರ ಸಾಮರ್ಥ್ಯ ನೂರಕ್ಕೆ ಎಂಬತ್ತಕ್ಕೆ ಇಳಿಯುತ್ತದೆ. ಆಗಲೂ ಅದು ನಮ್ಮ ಕೆಲಸಕ್ಕೆ ಸಾಲಬೇಕು. ಇವೆರಡನ್ನೂ ಸೇರಿಸಿದರೆ ಸುಮಾರು ೧೬೪೦ ವ್ಯಾಟ್-ಅವರ್ ಬೇಕೆಂದಾಗುತ್ತದೆ. ೬೦ ವೋಲ್ಟಿನ ೩೦ ಎ.ಎಚ್. ಬ್ಯಾಟರಿ ೧೮೦೦ ವ್ಯಾಟ್-ಅವರಿನದು. ಅದು ಈ ಮನೆಗೆ ಧಾರಾಳವಾಗಿ ಸಾಕು. ಬಾಯಿಲೆಕ್ಕ ಬೇಕೆನ್ನುವವರು ಹೀಗೆ ಹಿಡಿಯಬಹುದು: ದಿನದ ಓಡಾಟಕ್ಕೆ ನಿಜವಾಗಿ ಬೇಕಾದುದರ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು.

ಇಲ್ಲಿ ಒಬ್ಬರು ಕೇಳಬಹುದು: "ನಾನು ಆಗಾಗ ಸೊಲ್ಲಾಪುರಕ್ಕೆ ಹೋಗಬೇಕಾಗುತ್ತದೆಯಲ್ಲ, ಆಗ ಏನು ಮಾಡಲಿ?" ಅಕ್ಕಲಕೋಟದಿಂದ ಸೊಲ್ಲಾಪುರ ಸುಮಾರು ೪೦ ಕಿಲೋಮೀಟರು. ಹೋಗಿ ಬರಲು ೮೦. ಮೇಲಿನ ಲೆಕ್ಕದಂತೆ ಇದಕ್ಕೆ ನಾಲ್ಕು ಯೂನಿಟಿಗೂ ಮೀರಿದ ಬ್ಯಾಟರಿ ಬೇಕು. ತಿಂಗಳಿಗೆ ಒಂದೆರಡು ಸಲದ ಪ್ರಯಾಣಕ್ಕಾಗಿ ಎರಡು ಪಟ್ಟಿಗಿಂತ ಹೆಚ್ಚಿನ ಬ್ಯಾಟರಿಯನ್ನು ಕೊಂಡು, ಅದರ ಭಾರವನ್ನು ಮುನ್ನೂರರವತ್ತೈದು ದಿನ ಹೊತ್ತು ತಿರುಗುವುದು ಯಾವ ಜಾಣತನ? ಆ ದಿನ ಎಸ್.ಟಿ. ಬಸ್ಸು ಹತ್ತಿರಿ. ವರ್ಷಕ್ಕೊಮ್ಮೆ ಬರುವ ಜಾತ್ರೆಯ ಜನಕ್ಕೆ ಸಾಲುವಂಥ ಮನೆಯನ್ನು ಯಾರೂ ಕಟ್ಟಿಸುವುದಿಲ್ಲ.

ದೊಡ್ಡ ಬ್ಯಾಟರಿಯಾದರೆ ಅದರ ಮೇಲೆ ದಣಿವು ಕಡಿಮೆ ಬಿದ್ದು ಹೆಚ್ಚು ವರ್ಷ ಬಾಳುತ್ತದೆ ಎಂದು ವಾದಿಸುವವರೂ ಇದ್ದಾರೆ. ಈ ಮಾತಿನಲ್ಲಿ ಸತ್ಯವಿದೆ. ಅದಕ್ಕಾಗಿಯೇ ನಾನು ಒಂದೂವರೆ ಪಟ್ಟು ಎಂದದ್ದು. ಆದರೆ ಮೂರು ಪಟ್ಟು ಕೊಂಡರೆ ಬಾಳಿಕೆಯೂ ಮೂರು ಪಟ್ಟಾಗುತ್ತದೆ ಎಂಬುದು ನಿಜವಲ್ಲ. ಏಕೆಂದರೆ ಲಿಥಿಯಂ ಬ್ಯಾಟರಿಯು ಬಳಸಿದರೂ ಮುಪ್ಪಾಗುತ್ತದೆ, ಬಳಸದೆ ಮೂಲೆಯಲ್ಲಿ ಇಟ್ಟರೂ ಮುಪ್ಪಾಗುತ್ತದೆ. ಬಿಸಿಲಿನಲ್ಲಿ ಇಟ್ಟರೆ ಇನ್ನೂ ಬೇಗ.

ಚೀಲ ನೋಡಿ ಜೋಳ ಕೊಳ್ಳಬೇಡಿ

ಇನ್ನು ಜಾತಿಯ ಮಾತು. ಎಲ್ಲ ಲಿಥಿಯಂ ಬ್ಯಾಟರಿಗಳೂ ಒಂದೇ ಅಲ್ಲ. ಜಪಾನಿನ ಅಕಿರಾ ಯೋಶಿನೋ ಎಂಬವರು ೧೯೮೫ರಲ್ಲಿ ಲಿಥಿಯಂ ಅಯಾನ್ ಬ್ಯಾಟರಿಯ ಮೊದಲ ರೂಪವನ್ನು ಸಿದ್ಧಪಡಿಸಿದರು. ೧೯೯೧ರಲ್ಲಿ ಸೋನಿ ಕಂಪನಿಯು ಅದನ್ನು ಪೇಟೆಗೆ ತಂದಿತು. ಯೋಶಿನೋ, ಅಮೆರಿಕದ ಜಾನ್ ಗುಡೆನಫ್, ಇಂಗ್ಲೆಂಡಿನಲ್ಲಿ ಹುಟ್ಟಿದ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಈ ಮೂವರಿಗೆ ೨೦೧೯ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಬಂದಿತು. ಮೊದಮೊದಲಿನ ಬ್ಯಾಟರಿಗಳಲ್ಲಿ ಕೋಬಾಲ್ಟ್ ಇರುತ್ತಿತ್ತು. ಈಗ ಗಾಡಿಗಳಲ್ಲಿ ಎರಡು ಜಾತಿ ಹೆಚ್ಚು ಬಳಕೆಯಲ್ಲಿವೆ. ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಕೂಡಿದ್ದು ಒಂದು. ಇದನ್ನು ಎನ್.ಎಂ.ಸಿ. ಎನ್ನುತ್ತಾರೆ. ಕಬ್ಬಿಣ ಮತ್ತು ಫಾಸ್ಫೇಟ್ ಕೂಡಿದ್ದು ಇನ್ನೊಂದು. ಇದಕ್ಕೆ ಎಲ್.ಎಫ್.ಪಿ. ಎಂದು ಹೆಸರು. ಈ ಎರಡನೆಯದರ ಗುಣವನ್ನು ಜಗತ್ತಿಗೆ ತಿಳಿಸಿದ ೧೯೯೭ರ ಪ್ರಬಂಧದಲ್ಲಿ ಗುಡೆನಫ್ ಅವರ ಹೆಸರಿನ ಜೊತೆಗೆ ಪಾಧಿ, ನಂಜುಂಡಸ್ವಾಮಿ ಎಂಬ ನಮ್ಮ ಕಡೆಯ ಹೆಸರುಗಳೂ ಇವೆ ಎಂಬುದು ಸಂತೋಷದ ಸಂಗತಿ.

ಹಾಗಾದರೆ ಲಿಥಿಯಂ ಪಾಲಿಮರ್ ಎಂದರೇನು? ಅದು ಮುಖ್ಯವಾಗಿ ಚೀಲದ ಹೆಸರು, ಕಾಳಿನ ಹೆಸರಲ್ಲ. ಗಟ್ಟಿಯಾದ ಲೋಹದ ಡಬ್ಬಿಯ ಬದಲು ತೆಳುವಾದ ಅಲ್ಯುಮಿನಿಯಂ ಹಾಳೆಯ ಚೀಲದಲ್ಲಿ ಸೆಲ್ಲನ್ನು ಮುಚ್ಚಿರುತ್ತಾರೆ. ಒಳಗಿನ ದ್ರವ ಲೋಳೆಯಂತೆ ಇರುತ್ತದೆ. ಡಬ್ಬಿಯ ಭಾರ ಇಲ್ಲದ್ದರಿಂದ ಇದು ಹಗುರ. ಒಮ್ಮೆಲೇ ಬಹಳ ಕರೆಂಟು ಕೊಡುವಂತೆಯೂ ಇದನ್ನು ಮಾಡಬಹುದು. ಆದ್ದರಿಂದಲೇ ಹೊಲದ ಮೇಲೆ ಔಷಧ ಸಿಂಪಡಿಸುವ ಡ್ರೋನುಗಳಲ್ಲಿ ಇದನ್ನು ಬಳಸುತ್ತಾರೆ. ಹಾರುವ ಯಂತ್ರಕ್ಕೆ ಒಂದೊಂದು ಗ್ರಾಮೂ ಭಾರವೇ. ಅದಕ್ಕೆ ಇದು ತಕ್ಕದ್ದು.

ಆದರೆ ನಮ್ಮ ಗಾಡಿ ಹಾರುವುದಿಲ್ಲ, ಕುಣಿಯಲ್ಲಿ ಕುಣಿಯುತ್ತದೆ. ತೆಳು ಚೀಲದ ಸೆಲ್ಲಿಗೆ ಒಂದು ಕಲ್ಲು ತಗಲಿ, ಒಂದು ಸ್ಕ್ರೂ ಒತ್ತಿ ತೂತು ಬಿದ್ದರೆ ಬೆಂಕಿ ಹತ್ತಬಹುದು. ಬಿಸಿಯಾದರೆ, ಅತಿಯಾಗಿ ಚಾರ್ಜ್ ಆದರೆ ಒಳಗೆ ಅನಿಲ ಹುಟ್ಟಿ ಅದು ತಿದಿಯಂತೆ ಉಬ್ಬುತ್ತದೆ. ಉಬ್ಬಿದ ಮೇಲೆ ಅದು ಅಪಾಯದ ವಸ್ತುವೇ ಸರಿ. ದೊಡ್ಡ ಕಾರು ಕಂಪನಿಗಳು ಚೀಲದ ಸೆಲ್ಲುಗಳನ್ನು ಬಳಸುವುದುಂಟು. ಅವರು ಅದರ ಸುತ್ತ ಗಟ್ಟಿ ಪೆಟ್ಟಿಗೆ ಕಟ್ಟಿ, ಸಮನಾಗಿ ಅದುಮಿ ಹಿಡಿದು, ತಂಪಿನ ವ್ಯವಸ್ಥೆ ಮಾಡಿರುತ್ತಾರೆ. ತಗಡಿನ ಪೆಟ್ಟಿಗೆಯಲ್ಲಿ ಟೇಪು ಸುತ್ತಿ ಮಾರುವ ಪ್ಯಾಕಿನಲ್ಲಿ ಅದು ಯಾವುದೂ ಇರುವುದಿಲ್ಲ. ಮೇಲಾಗಿ ಡ್ರೋನಿಗಾಗಿ ಮಾಡಿದ ಇಂಥ ಪ್ಯಾಕುಗಳು ಸಾಮಾನ್ಯವಾಗಿ ಕೆಲವು ನೂರು ಸಲ ಚಾರ್ಜ್ ಆಗುವಷ್ಟರಲ್ಲಿ ಸೊರಗುತ್ತವೆ.

ಯಾರಾದರೂ "ಇದು ಪಾಲಿಮರ್" ಎಂದರೆ, "ಚೀಲದ ಹೆಸರು ತಿಳಿಯಿತು, ಒಳಗಿನ ಕಾಳು ಯಾವುದು?" ಎಂದು ಕೇಳಿರಿ. ಕೋಬಾಲ್ಟೋ, ಎನ್.ಎಂ.ಸಿ.ಯೋ, ಎಲ್.ಎಫ್.ಪಿ.ಯೋ ಎಂಬುದು ಬಿಲ್ಲಿನ ಮೇಲೆ ಬರೆಯಲ್ಪಡಬೇಕು.

ನಮ್ಮ ಬಿಸಿಲಿಗೆ ಯಾವುದು ತಾಳುತ್ತದೆ?

ಸೆಲ್ಲಿನೊಳಗೆ ಶಾಖ ಒಂದು ಮಿತಿ ಮೀರಿದರೆ, ಹೊತ್ತಿಕೊಂಡ ಬಣವೆಯಂತೆ ತಾನೇ ತಾನಾಗಿ ಇನ್ನಷ್ಟು ಶಾಖ ಹುಟ್ಟಿಸಿಕೊಳ್ಳುತ್ತ ಹೋಗುತ್ತದೆ. ಕೋಬಾಲ್ಟ್ ಜಾತಿಯಲ್ಲಿ ಈ ಮಿತಿ ಸುಮಾರು ೧೫೦ ಡಿಗ್ರಿ, ಎನ್.ಎಂ.ಸಿ.ಯಲ್ಲಿ ಸುಮಾರು ೨೧೦, ಎಲ್.ಎಫ್.ಪಿ.ಯಲ್ಲಿ ಸುಮಾರು ೨೭೦ ಡಿಗ್ರಿ ಎಂದು ಬಲ್ಲವರು ಹೇಳುತ್ತಾರೆ. ಇದಲ್ಲದೆ ಎಲ್.ಎಫ್.ಪಿ.ಯಲ್ಲಿ ಆಮ್ಲಜನಕವು ಫಾಸ್ಫೇಟಿನ ಜೊತೆ ಬಿಗಿಯಾಗಿ ಕಟ್ಟಿಕೊಂಡಿರುತ್ತದೆ. ಸುಲಭವಾಗಿ ಬಿಡುಗಡೆಯಾಗಿ ಬೆಂಕಿಗೆ ಗಾಳಿ ಹಾಕುವುದಿಲ್ಲ. ಹಾಗೆಂದು ಅದು ಎಂದೂ ಸುಡದು ಎಂದು ಯಾರೂ ತಿಳಿಯಬಾರದು. ಕೆಟ್ಟ ರೀತಿಯಲ್ಲಿ ಬಳಸಿದರೆ ಅದೂ ಹೊಗೆ ಕಾರುತ್ತದೆ. ಆದರೆ ಇದ್ದುದರಲ್ಲಿ ಅದು ಸಾಧುಪ್ರಾಣಿ.

ಬಾಳಿಕೆಯಲ್ಲಿಯೂ ಅದೇ ಮುಂದು. ಎನ್.ಎಂ.ಸಿ. ಬ್ಯಾಟರಿ ಸಾಮಾನ್ಯವಾಗಿ ೮೦೦ರಿಂದ ೧೦೦೦ ಸಲ ತುಂಬಿ ಬರಿದಾಗುವವರೆಗೆ ಒಳ್ಳೆಯ ಸ್ಥಿತಿಯಲ್ಲಿರುತ್ತದೆ. ಒಳ್ಳೆಯ ಎಲ್.ಎಫ್.ಪಿ. ಬ್ಯಾಟರಿ ೨೦೦೦ ಸಲಕ್ಕೂ ಮೀರಿ ತಾಳುತ್ತದೆ. ದಿನಕ್ಕೊಂದು ಸಲದಂತೆ ಲೆಕ್ಕ ಹಿಡಿದರೆ ಮೊದಲನೆಯದು ಎರಡರಿಂದ ಮೂರು ವರ್ಷ, ಎರಡನೆಯದು ಐದು ವರ್ಷಕ್ಕೂ ಹೆಚ್ಚು. ಹಳೆಯ ಸೀಸದ ಬ್ಯಾಟರಿ ಮುನ್ನೂರು ನಾನೂರು ಸಲಕ್ಕೇ ಕೈ ಕೊಡುತ್ತದೆ. ಬೆಲೆಯನ್ನು ಬಾಳಿಕೆಯಿಂದ ಭಾಗಿಸಿ ನೋಡಿದರೆ ಅಗ್ಗವಾದದ್ದು ಯಾವುದೆಂದು ಐದನೆಯ ಇಯತ್ತೆಯ ಹುಡುಗನೂ ಹೇಳಬಲ್ಲನು.

ಎಲ್.ಎಫ್.ಪಿ.ಗೆ ದೋಷವೇ ಇಲ್ಲವೇ? ಇದೆ. ಮೊದಲನೆಯದು ಭಾರ. ೧೮೦೦ ವ್ಯಾಟ್-ಅವರಿನ ಎನ್.ಎಂ.ಸಿ. ಪ್ಯಾಕು ಸುಮಾರು ಹನ್ನೆರಡು ಕೆ.ಜಿ. ಇದ್ದರೆ ಎಲ್.ಎಫ್.ಪಿ. ಹದಿನೇಳರ ಆಸುಪಾಸು ಇರುತ್ತದೆ. ಐದು ಕೆ.ಜಿ. ಎಂದರೆ ಒಂದು ಸಣ್ಣ ಹಾಲಿನ ಕ್ಯಾನಿನ ಭಾರ. ಕ್ವಿಂಟಲ್ ಚೀಲ ಎತ್ತುವ ನಮಗೆ ಇದು ದೊಡ್ಡ ಮಾತಲ್ಲ. ಎರಡನೆಯದು, ಅದರ ವೋಲ್ಟ್ ಕೊನೆಯವರೆಗೂ ಬಹುತೇಕ ಒಂದೇ ಮಟ್ಟದಲ್ಲಿದ್ದು ಕಡೆಗೆ ಥಟ್ಟನೆ ಇಳಿಯುತ್ತದೆ. ಆದ್ದರಿಂದ ಕಡ್ಡಿ ತೋರಿಸುವ ಅಗ್ಗದ ಮೀಟರನ್ನು ನಂಬಬಾರದು. ಓಡಿದ ಕಿಲೋಮೀಟರನ್ನು ನೆನಪಿಡಬೇಕು. ಮೂರನೆಯದು, ಸಣ್ಣ ಪೆಡಲ್ ಸೈಕಲ್ಲಿಗೆ ಕೂಡಿಸಿ, ದಿನವೂ ಬಿಚ್ಚಿ ಕೈಯಲ್ಲಿ ಒಯ್ಯಬೇಕಾದ ಬ್ಯಾಟರಿಗೆ ಹಗುರವಾದ ಎನ್.ಎಂ.ಸಿ.ಯೇ ಅನುಕೂಲ. ಅಂಥಲ್ಲಿ ಗಟ್ಟಿ ಡಬ್ಬಿಯ ದುಂಡು ಸೆಲ್ಲಿನ ಪ್ಯಾಕನ್ನು ಆರಿಸಿಕೊಳ್ಳಬಹುದು.

ಅಗ್ಗದ ಪ್ಯಾಕಿನ ಒಳಗುಟ್ಟು

ಪೇಟೆಯಲ್ಲಿ ಅರ್ಧ ಬೆಲೆಗೆ "ಹೈ ಕೆಪ್ಯಾಸಿಟಿ" ಪ್ಯಾಕು ಕಟ್ಟಿಕೊಡುವವರು ಹುಟ್ಟಿಕೊಂಡಿದ್ದಾರೆ. ಎಲ್ಲರೂ ಮೋಸಗಾರರೆಂದು ನಾನು ಹೇಳುವುದಿಲ್ಲ. ಕೆಲಸ ಬಲ್ಲ ಪ್ರಾಮಾಣಿಕರೂ ಇದ್ದಾರೆ. ಆದರೆ ಹಳೆಯ ಲ್ಯಾಪ್‌ಟಾಪಿನಿಂದ, ಕೆಟ್ಟ ಗಾಡಿಗಳಿಂದ ತೆಗೆದ ಸೆಲ್ಲುಗಳಿಗೆ ಹೊಸ ಬಣ್ಣದ ಹೊದಿಕೆ ಹಾಕಿ ಮಾರುವುದೂ ನಡೆದಿದೆ. ಪ್ಯಾಕಿನಲ್ಲಿ ಸೆಲ್ಲುಗಳು ಒಂದರ ಹಿಂದೆ ಒಂದು ಸಾಲಾಗಿ ಕೂಡಿರುತ್ತವೆ. ಆ ಸಾಲಿನಲ್ಲಿ ಒಂದು ನಿರ್ಬಲವಾಗಿದ್ದರೆ ಇಡೀ ಸಾಲು ಅದರ ಗತಿಗೇ ಇಳಿಯುತ್ತದೆ. ಕುಂಟೆತ್ತಿನ ಜೊತೆ ನೊಗಕ್ಕೆ ಕಟ್ಟಿದ ಒಳ್ಳೆಯ ಎತ್ತೂ ಸಾಲು ಬಿಡಲಾರದು.

ಈ ಸೆಲ್ಲುಗಳನ್ನು ಕಾಯುವ ಕಾವಲುಗಾರನೊಬ್ಬನು ಪ್ಯಾಕಿನೊಳಗೆ ಇರಬೇಕು. ಅದಕ್ಕೆ ಬಿ.ಎಂ.ಎಸ್. ಎನ್ನುತ್ತಾರೆ. ಯಾವ ಸೆಲ್ಲೂ ಅತಿಯಾಗಿ ತುಂಬದಂತೆ, ಅತಿಯಾಗಿ ಬರಿದಾಗದಂತೆ, ಶಾಖ ಏರಿದರೆ ಕರೆಂಟು ನಿಲ್ಲುವಂತೆ, ತಂತಿ ತಂತಿ ಕೂಡಿದರೆ ಕಡಿಯುವಂತೆ ನೋಡಿಕೊಳ್ಳುವುದು ಅದರ ಕೆಲಸ. ಅಗ್ಗದ ಪ್ಯಾಕಿನಲ್ಲಿ ಮೊದಲು ಉಳಿತಾಯ ಮಾಡುವುದು ಇಲ್ಲಿಯೇ. ೬೦ ವೋಲ್ಟಿನ ಗಾಡಿಯ ಮೋಟರು ೧೫೦೦ ವ್ಯಾಟಿನದಾದರೆ ಅದಕ್ಕೆ ೨೫ ಆಂಪಿಯರ್ ಕರೆಂಟು ಬೇಕು. ಏರು ಹತ್ತುವಾಗ ಇನ್ನೂ ಹೆಚ್ಚು. ಇಪ್ಪತ್ತು ಆಂಪಿಯರಿಗೆ ಮಾಡಿದ ಬಿ.ಎಂ.ಎಸ್. ಹಾಕಿಕೊಟ್ಟರೆ ಗಾಡಿ ಏರಿನಲ್ಲಿ ನಿಲ್ಲುತ್ತದೆ. ಕಾವಲನ್ನೇ ತೆಗೆದು ನೇರ ತಂತಿ ಕೂಡಿಸಿ ಕೊಟ್ಟರೆ ಗಾಡಿ ಏರು ಹತ್ತುತ್ತದೆ, ಆದರೆ ಮನೆಗೆ ಕೊಳ್ಳಿ ತರುತ್ತದೆ.

ಚಾರ್ಜರಿನ ವಿಷಯದಲ್ಲಿ ಇದಕ್ಕಿಂತ ಹೆಚ್ಚಿನ ಎಚ್ಚರ ಬೇಕು. ೪೮ ವೋಲ್ಟ್ ಎಂದು ಬರೆದ ಎರಡು ಪ್ಯಾಕುಗಳಲ್ಲಿ, ೧೩ ಸೆಲ್ಲಿನ ಎನ್.ಎಂ.ಸಿ. ೫೪.೬ ವೋಲ್ಟಿಗೆ ತುಂಬುತ್ತದೆ. ೧೬ ಸೆಲ್ಲಿನ ಎಲ್.ಎಫ್.ಪಿ. ೫೮.೪ ವೋಲ್ಟಿಗೆ ತುಂಬುತ್ತದೆ. ಎರಡನೆಯದರ ಚಾರ್ಜರನ್ನು ಮೊದಲನೆಯದಕ್ಕೆ ಹಾಕಿದರೆ ೪.೨ ವೋಲ್ಟಿಗೆ ನಿಲ್ಲಬೇಕಾದ ಒಂದೊಂದು ಸೆಲ್ಲೂ ಸುಮಾರು ೪.೫ ವೋಲ್ಟಿನವರೆಗೆ ಏರುತ್ತದೆ. ಕಾವಲುಗಾರ ಕೈ ಕೊಟ್ಟರೆ ಮುಂದಿನದು ಹೇಳಬೇಕಾಗಿಲ್ಲ. ಪಿನ್ನು ಕೂಡಿತೆಂದು ನೆರೆಮನೆಯ ಚಾರ್ಜರ್ ತರಬೇಡಿರಿ. ಹಸಿ ಮೇವು ಒಣ ಮೇವು ಎಂದು ನೋಡದೆ ದನಕ್ಕೆ ಹಾಕುವವರಿಲ್ಲ. ಬ್ಯಾಟರಿಗೂ ಅಷ್ಟೇ ಗಮನ ಬೇಕು.

ಇದು ಹೆದರಿಸುವ ಮಾತಲ್ಲ. ೨೦೨೨ರ ಮಾರ್ಚಿನಲ್ಲಿ ತಮಿಳುನಾಡಿನ ವೆಲ್ಲೂರಿನಲ್ಲಿ ರಾತ್ರಿ ಚಾರ್ಜಿಗೆ ಹಾಕಿದ್ದ ಬ್ಯಾಟರಿ ಗಾಡಿಗೆ ಬೆಂಕಿ ಹತ್ತಿ ತಂದೆ ಮಗಳಿಬ್ಬರೂ ಹೊಗೆಯಲ್ಲಿ ಉಸಿರುಗಟ್ಟಿ ಸತ್ತರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸಿಕಂದರಾಬಾದಿನ ಒಂದು ಕಟ್ಟಡದ ಕೆಳಗಿನ ಬ್ಯಾಟರಿ ಗಾಡಿಗಳ ಮಳಿಗೆಯಲ್ಲಿ ಹತ್ತಿದ ಬೆಂಕಿಯ ಹೊಗೆ ಮೇಲಿನ ಹೋಟೆಲಿಗೆ ಏರಿ ಎಂಟು ಜನ ಪ್ರಾಣ ಕಳೆದುಕೊಂಡರು. ಆ ವರ್ಷದ ಬೆಂಕಿಗಳನ್ನು ನೋಡಿದ ಕೇಂದ್ರ ಸರಕಾರವು ಎ.ಐ.ಎಸ್. ೧೫೬ ಎಂಬ ಪರೀಕ್ಷಾ ನಿಯಮವನ್ನು ಬಿಗಿಗೊಳಿಸಿತು. ಅದರ ಮೊದಲ ಹಂತ ೨೦೨೨ರ ಡಿಸೆಂಬರ್ ೧ರಿಂದ, ಎರಡನೆಯ ಹಂತ ೨೦೨೩ರ ಮಾರ್ಚ್ ೩೧ರಿಂದ ಜಾರಿಗೆ ಬಂದಿತು. ಪ್ಯಾಕಿನೊಳಗೆ ನೀರು ಹೋಗದಿರುವುದು, ಒಂದು ಸೆಲ್ಲಿನ ಶಾಖ ಮತ್ತೊಂದಕ್ಕೆ ಹಬ್ಬಿ ಅನಾಹುತವಾಗದಿರುವುದು, ಬಿ.ಎಂ.ಎಸ್. ಸರಿಯಾಗಿ ಕೆಲಸ ಮಾಡುವುದು ಇವನ್ನೆಲ್ಲ ಈ ನಿಯಮದಂತೆ ಪರೀಕ್ಷಿಸುತ್ತಾರೆ. ಆದ್ದರಿಂದ ಎ.ಐ.ಎಸ್. ೧೫೬ ಎಂಬ ಬರಹ ಪ್ಯಾಕಿನ ಮೇಲೆ ಅಥವಾ ಕಾಗದದಲ್ಲಿ ಇದೆಯೋ ಇಲ್ಲವೋ ನೋಡಿಯೇ ಹಣ ಕೊಡಿರಿ. ಕಾಗದ ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ ಇದ್ದು ತಿಳಿಯದಿದ್ದರೆ ಓದಬಲ್ಲ ಮಗನನ್ನೋ ಮಗಳನ್ನೋ ಜೊತೆಗೆ ಕರೆದೊಯ್ಯಿರಿ. ಹಾಗೆ ಮಾಡಲು ಸಂಕೋಚವೇಕೆ?

ಕಾನೂನಿನ ಒಂದು ಮಾತು

ಮೋಟರು ೨೫೦ ವ್ಯಾಟಿಗೆ ಮೀರದ, ಗಂಟೆಗೆ ೨೫ ಕಿಲೋಮೀಟರಿಗಿಂತ ಹೆಚ್ಚು ಓಡದ, ಬ್ಯಾಟರಿಯನ್ನು ಬಿಟ್ಟು ೬೦ ಕೆ.ಜಿ.ಗೆ ಮೀರದ ಬ್ಯಾಟರಿ ಗಾಡಿಯನ್ನು ನಮ್ಮ ದೇಶದ ನಿಯಮವು ಮೋಟಾರು ವಾಹನವೆಂದು ಎಣಿಸುವುದಿಲ್ಲ. ಅದಕ್ಕೆ ನಂಬರೂ ಬೇಡ, ಲೈಸೆನ್ಸೂ ಬೇಡ. ಆದರೆ ಕೆಲವು ತರುಣರು ಇಂಥ ಗಾಡಿಯನ್ನು ಕೊಂಡು, ಆಮೇಲೆ ದೊಡ್ಡ ಪ್ಯಾಕು ಹಾಕಿಸಿ, ವೇಗದ ತಡೆಯನ್ನು ತೆಗೆಸಿ ಐವತ್ತು ಅರವತ್ತರ ವೇಗದಲ್ಲಿ ಓಡಿಸುತ್ತಾರೆ. ಆ ಕ್ಷಣದಿಂದ ಅದು ನಂಬರಿಲ್ಲದ, ವಿಮೆಯಿಲ್ಲದ ಮೋಟಾರು ವಾಹನವಾಯಿತು. ಯಾರಿಗಾದರೂ ಬಡಿದರೆ ಪರಿಹಾರದ ಭಾರವೆಲ್ಲ ಹೊಲ ಮನೆಯ ಮೇಲೆ ಬೀಳುತ್ತದೆ. ಅದರ ಬ್ರೇಕು, ಅದರ ಚೌಕಟ್ಟು ಕೂಡ ಆ ವೇಗಕ್ಕಾಗಿ ಮಾಡಿದವಲ್ಲ. ವೇಗ ಬೇಕಾದವರು ನೋಂದಣಿಯಾಗುವ ಗಾಡಿಯನ್ನೇ ಕೊಳ್ಳಲಿ.

ಮನೆಯಲ್ಲಿ ಪಾಲಿಸಬೇಕಾದುದು

ಸೊಲ್ಲಾಪುರದ ಸೀಮೆಯಲ್ಲಿ ಬೇಸಿಗೆ ೪೦ ಡಿಗ್ರಿ ದಾಟುವುದು ನಮಗೆಲ್ಲ ಗೊತ್ತಿರುವುದೇ. ತಗಡಿನ ಪತ್ರಾಸಿನ ಕೆಳಗೆ ಇನ್ನೂ ಹೆಚ್ಚು. ಲಿಥಿಯಂ ಬ್ಯಾಟರಿಯನ್ನು ಸಾಮಾನ್ಯವಾಗಿ ೪೫ ಡಿಗ್ರಿಗಿಂತ ಹೆಚ್ಚಿನ ಶಾಖದಲ್ಲಿ ಚಾರ್ಜ್ ಮಾಡಬಾರದು. ಮಧ್ಯಾಹ್ನ ಹೊಲದಿಂದ ಬಂದ ಕೂಡಲೆ ಪ್ಲಗ್ಗು ಚುಚ್ಚುವುದು ತಪ್ಪು. ಗಾಡಿಯನ್ನು ಬೇವಿನ ನೆರಳಿನಲ್ಲಿ ನಿಲ್ಲಿಸಿ, ಬ್ಯಾಟರಿ ಆರಿದ ಮೇಲೆ, ಸಂಜೆ ತಂಪಾದ ಹೊತ್ತಿನಲ್ಲಿ ಹಾಕಿರಿ. ಮಲಗುವ ಮುಂಚೆ ತೆಗೆದರೆ ಇನ್ನೂ ಒಳ್ಳೆಯದು.

ಮಲಗುವ ಕೋಣೆಯಲ್ಲಿ, ಹೊರಹೋಗುವ ಒಂದೇ ಬಾಗಿಲಿನ ಬಳಿಯಲ್ಲಿ, ಮೇವಿನ ಬಣವೆಯ ಹತ್ತಿರ, ಹತ್ತಿಯ ಕೋಣೆಯಲ್ಲಿ ಚಾರ್ಜಿಗೆ ಹಾಕಬೇಡಿರಿ. ಅರ್ಥಿಂಗ್ ಸರಿಯಿರುವ ಮೂರು ಪಿನ್ನಿನ ಸಾಕೆಟ್ಟು ಇರಲಿ. ಬಹುಕಾಲ ಬಳಸದೆ ಇಡುವುದಾದರೆ ಅರ್ಧದಷ್ಟು ಚಾರ್ಜ್ ಮಾಡಿ ತಂಪಿನ ಜಾಗದಲ್ಲಿಡಿರಿ. ಪ್ಯಾಕು ಉಬ್ಬಿದರೆ, ಸಿಹಿ ಸಿಹಿಯಾದ ರಾಸಾಯನಿಕ ವಾಸನೆ ಬಂದರೆ, ಮುಟ್ಟಲಾರದಷ್ಟು ಕಾದರೆ ಬಳಸುವುದನ್ನು ನಿಲ್ಲಿಸಿರಿ. ಬೆಂಕಿಯೇ ಹತ್ತಿದರೆ ಗಾಡಿ ಉಳಿಸಲು ಹೋಗದೆ ಮನೆಯವರನ್ನು ಹೊರಗೆ ಕರೆದುಕೊಂಡು ಬನ್ನಿರಿ. ಆ ಹೊಗೆ ವಿಷ. ಸಾಧ್ಯವಿದ್ದರೆ ಮೇನ್ ಬಂದ್ ಮಾಡಿ, ದೂರ ನಿಂತು, ಅಗ್ನಿಶಾಮಕದವರನ್ನು ಕರೆಯಿರಿ. ಆರಿದಂತೆ ಕಂಡ ಬ್ಯಾಟರಿ ಮತ್ತೆ ಹೊತ್ತಿಕೊಳ್ಳುವುದುಂಟು.

ಮುಪ್ಪಾದ ಪ್ಯಾಕನ್ನು ಬಾವಿಗೆ, ಹಳ್ಳಕ್ಕೆ, ತಿಪ್ಪೆಗೆ ಎಸೆಯಬಾರದು. ಕೊಡಲಿಯಿಂದ ಒಡೆಯಲಂತೂ ಕೂಡದು. ೨೦೨೨ರ ಬ್ಯಾಟರಿ ತ್ಯಾಜ್ಯ ನಿಯಮಗಳಂತೆ ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಒಯ್ಯುವ ಹೊಣೆ ತಯಾರಕರ ಮೇಲಿದೆ. ಕೊಳ್ಳುವಾಗಲೇ "ಹಳೆಯದನ್ನು ಯಾರು ತೆಗೆದುಕೊಳ್ಳುತ್ತಾರೆ, ಎಷ್ಟು ಮುರಿದುಕೊಳ್ಳುತ್ತಾರೆ?" ಎಂದು ಕೇಳಿ ಬರೆಯಿಸಿಕೊಳ್ಳಿರಿ.

ಕಡೆಯದಾಗಿ ಒಂದು ಸೂಚನೆ

ಗಡಿಯ ಊರುಗಳವರಾದ ನಾವು ಕೆಲವರು ವಿಜಯಪುರದಲ್ಲಿ, ಕೆಲವರು ಕಲಬುರ್ಗಿಯಲ್ಲಿ, ಕೆಲವರು ಸೊಲ್ಲಾಪುರ ಸಾಂಗಲಿಗಳಲ್ಲಿ ಕೊಳ್ಳುತ್ತೇವೆ. ಎಲ್ಲಿ ಐನೂರು ರೂಪಾಯಿ ಕಡಿಮೆಯೋ ಅಲ್ಲಿಗೆ ಓಡುತ್ತೇವೆ. ಆದರೆ ಬ್ಯಾಟರಿ ಕೆಟ್ಟಾಗ ಅದನ್ನು ಹೊತ್ತುಕೊಂಡು ಹೋಗಬೇಕಾದುದೂ ಅಲ್ಲಿಗೇ. ನಮ್ಮ ಊರಿಗೆ ಹತ್ತಿರದ ರಿಪೇರಿ ಕೇಂದ್ರದಲ್ಲಿ ವಾರಂಟಿ ನಡೆಯುತ್ತದೆಯೋ ಇಲ್ಲವೋ ಎಂಬುದನ್ನು ಮೊದಲು ಕೇಳಬೇಕು. ಮೂರು ವರ್ಷಕ್ಕಿಂತ ಕಡಿಮೆ ವಾರಂಟಿಯ ಬ್ಯಾಟರಿಯನ್ನು ತೆಗೆದುಕೊಳ್ಳಬಾರದೆಂಬುದು ನನ್ನ ಅಭಿಪ್ರಾಯ. ಜಾತಿ, ಯೂನಿಟ್, ತಯಾರಿಯ ತಿಂಗಳು, ಪ್ಯಾಕಿನ ನಂಬರು, ವಾರಂಟಿಯ ಅವಧಿ ಈ ಐದನ್ನೂ ಬಿಲ್ಲಿನಲ್ಲಿ ಬರೆದುಕೊಡುವ ಅಂಗಡಿ ದೊಡ್ಡದಾಗಿರಲಿ ಚಿಕ್ಕದಾಗಿರಲಿ, ಅದೇ ಒಳ್ಳೆಯ ಅಂಗಡಿ.

ಇನ್ನೂ ಒಂದು ಮಾತು. ಒಬ್ಬೊಬ್ಬರೇ ಹೋಗಿ ಕೇಳಿದರೆ ಅಂಗಡಿಕಾರನು ಉದಾಸೀನ ಮಾಡಬಹುದು. ಹಾಲಿನ ಸಂಘದ ಹತ್ತು ಜನ ಸದಸ್ಯರು ಕೂಡಿ ಒಂದೇ ಜಾತಿಯ ಗಾಡಿಗಳನ್ನು ಒಟ್ಟಿಗೆ ಕೊಳ್ಳುವುದಾಗಿ ಹೇಳಲಿ. ಪರೀಕ್ಷೆಯ ಕಾಗದ ತೋರಿಸುವನು, ಬೆಲೆ ಇಳಿಸುವನು, ರಿಪೇರಿಯವನನ್ನು ಊರಿಗೇ ಕಳಿಸುವನು. ಗ್ರಾಮಪಂಚಾಯತಿಯವರು ಮನಸ್ಸು ಮಾಡಿದರೆ ಊರಿನ ಬಯಲಿನ ಬದಿಗೆ ಗಾಳಿಯಾಡುವ ಒಂದು ಚಪ್ಪರ, ಸರಿಯಾದ ಅರ್ಥಿಂಗಿನ ನಾಲ್ಕು ಸಾಕೆಟ್ಟು ಹಾಕಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ. ಒಂದೇ ಕೋಣೆಯ ಮನೆಯಿರುವ ಬಡವನ ಕುಟುಂಬಕ್ಕೆ ಇದರಿಂದಾಗುವ ಉಪಕಾರ ಸಣ್ಣದಲ್ಲ.

೧೮೦೦ ವ್ಯಾಟ್-ಅವರಿನ ಬ್ಯಾಟರಿಯನ್ನು ತುಂಬಲು, ನಷ್ಟವೂ ಸೇರಿ, ಸುಮಾರು ಎರಡು ಯೂನಿಟ್ ಬೇಕು. ಯೂನಿಟಿಗೆ ಎಂಟು ರೂಪಾಯಿ ಎಂದು ಲೆಕ್ಕಕ್ಕೆ ಹಿಡಿದರೂ ಹದಿನಾರು ಹದಿನೇಳು ರೂಪಾಯಿಯಲ್ಲಿ ದಿನದ ಓಡಾಟ ಮುಗಿದು ಮಿಗುತ್ತದೆ. ಇಷ್ಟು ಉಪಕಾರಿಯಾದ ಸಾಧನವನ್ನು ಬೇಡವೆನ್ನುವುದು ಸರಿಯಲ್ಲ. ಪೇಟೆಗೆ ಹೋಗುವ ಮುನ್ನ ಒಂದು ವಾರ ನಿಮ್ಮ ದಿನದ ಓಡಾಟವನ್ನು ಒಂದು ಚೀಟಿಯಲ್ಲಿ ಬರೆದಿಡಿರಿ. ಆ ಚೀಟಿ ಕೈಯಲ್ಲಿದ್ದರೆ ಎಷ್ಟು ದೊಡ್ಡ ಬ್ಯಾಟರಿ ಬೇಕೆಂಬುದನ್ನು ಅಂಗಡಿಕಾರನು ನಿಮಗೆ ಹೇಳಬೇಕಾಗುವುದಿಲ್ಲ, ನೀವೇ ಅವನಿಗೆ ಹೇಳುವಿರಿ.